ಮಾಮ ಮಾತ್ರ ನೋಡಿದ ಸಿನಿಮಾ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕುರ್ಚಿಯ ಬಣ್ಣ ಹಸಿರು ಎಂದು ನನ್ನ ನೆನಪು. ಅಣ್ಣನನ್ನು ಕೇಳಿದರೆ ಕಂದು ಎನ್ನುತ್ತಾನೆ, ಅದೂ ಬಾಜಿ ಕಟ್ಟುವಷ್ಟು ಗಟ್ಟಿಯಾಗಿ. ತಮಾಷೆಯೆಂದರೆ ಇಬ್ಬರೂ ಆ ಕುರ್ಚಿಯನ್ನು ಕಂಡವರಲ್ಲ. ಅದು ಇದ್ದದ್ದು ಒಂದು ಸಿನಿಮಾದಲ್ಲಿ. ಆ ಸಿನಿಮಾ ನೋಡಿದವರು ನಮ್ಮ ಸೋದರಮಾವ ಒಬ್ಬರೇ. ನಾವು ಕೇಳಿದವರು.

ಮೈಸೂರಿನ ನಮ್ಮ ಮನೆಯಲ್ಲಿ ಆಗ ಒಬ್ಬರು ಸಿನಿಮಾ ನೋಡಿ ಬಂದರೆ ಎಲ್ಲರೂ ನೋಡಿದ ಹಾಗೆ. ರಾತ್ರಿ ಊಟಕ್ಕೆ ಕೂತಾಗ ಕಥೆ ಶುರುವಾಗುತ್ತಿತ್ತು. ಹೊಡೆದಾಟ ಬಂದರೆ ಸೌಟು ಕತ್ತಿಯಾಗುತ್ತಿತ್ತು, ಹಾಡು ಬಂದರೆ ಹೇಳುವವರು ಎರಡು ಸಾಲು ಗುನುಗಿ ಸಾರು ಬಡಿಸಿಕೊಳ್ಳುತ್ತಿದ್ದರು. ಮಾಮ ಈ ಕಲೆಯಲ್ಲಿ ಎಲ್ಲರಿಗಿಂತ ಮೇಲು. ಅಮೆರಿಕಕ್ಕೆ ಹೋಗಿ ಚಾಟ್ಸ್‌ವರ್ತ್‌ನಲ್ಲಿ ಅಳತೆಯ ಉಪಕರಣ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆದ ಮೇಲೂ ರಜಕ್ಕೆ ಬಂದಾಗ ಕಥೆ ಹೇಳುವುದನ್ನು ಬಿಟ್ಟಿರಲಿಲ್ಲ.

ಹಾಗೆ ಬಂದ ಒಂದು ರಜದಲ್ಲಿ ನನಗೆ ದವಡೆ ಹಲ್ಲು ಹುಳುಕಾಗಿತ್ತು. ಒಂಬತ್ತು ವರ್ಷವೋ ಹತ್ತೋ. ಡಾಕ್ಟರ ಮುಂದೆ ಬಾಯಿ ತೆರೆಯಲು ನಾನು ಒಪ್ಪಲಿಲ್ಲ. ಅಮ್ಮ ಗದರಿದಳು, ಅಣ್ಣ ಅಣಕಿಸಿದ, ಏನೂ ನಡೆಯಲಿಲ್ಲ. ಆಗ ಮಾಮ ಪಕ್ಕದ ಸ್ಟೂಲಿನ ಮೇಲೆ ಕೂತು, "ಅಲ್ಲಿ ಒಂದು ಮಧ್ಯಾಹ್ನ ಒಂದು ಸಿನಿಮಾ ನೋಡಿದೆ ಕಣೇ, ಇಂಥದೇ ಹಲ್ಲಿನ ಡಾಕ್ಟರದ್ದು" ಎಂದರು.

ಆ ಡಾಕ್ಟರು ಒಬ್ಬ ಹೆಂಗಸಿಗೆ ಕೆಟ್ಟ ಹಲ್ಲು ಬಿಟ್ಟು ಒಳ್ಳೆಯ ಹಲ್ಲು ಕಿತ್ತುಬಿಡುತ್ತಾನೆ. ಸಂಜೆ ಬೇಸರದಿಂದ ರೋಗಿಯ ಕುರ್ಚಿಯಲ್ಲಿ ತಾನೇ ಮಲಗುತ್ತಾನೆ. ಕುರ್ಚಿ ಪೂರ್ತಿ ಹಿಂದಕ್ಕೆ ವಾಲಿದಾಗ ಕಾಲವೂ ಹಿಂದಕ್ಕೆ ಸರಿದು ಅದೇ ದಿನದ ಬೆಳಗಿಗೆ ಹೋಗಿರುತ್ತಾನೆ. ಈ ಸಲ ಸರಿಯಾದ ಹಲ್ಲನ್ನೇ ಕೀಳುತ್ತಾನೆ. ಆಕೆ ಸುಖವಾಗಿ ಮನೆಗೆ ಹೋಗಿ ಮೊಸರನ್ನ ತಿನ್ನುತ್ತಾಳೆ. ಆದರೆ ಮೊದಲ ಸಲದ ನೋವು ಎಲ್ಲಿಗೂ ಹೋಗಿರುವುದಿಲ್ಲ, ಡಾಕ್ಟರ ದವಡೆಗೆ ಬಂದು ಕೂತಿರುತ್ತದೆ. ಯಾವ ತಪ್ಪನ್ನು ತಿದ್ದಿದರೂ ಅದರ ನೋವು ತಿದ್ದಿದವನ ಬಾಯಿಗೆ.

"ಆಮೇಲೆ?" ಎಂದು ಬಾಯಿ ತೆರೆದೆ. ಡಾಕ್ಟರ ಕೈ ಒಳಗೆ ಬಂತು.

ಕಥೆಯ ಕೊನೆ ನನಗೆ ಗೊತ್ತಿಲ್ಲ. ಹಲ್ಲು ಹೊರಗೆ ಬಂದಿತ್ತು, ಮಾಮ ಎದ್ದು ನಿಂತಿದ್ದರು.

ಇದೆಲ್ಲ ಮತ್ತೆ ನೆನಪಾದದ್ದು 2020ರಲ್ಲಿ. ಅಷ್ಟು ಹೊತ್ತಿಗೆ ನಾನು ಸ್ಯಾನ್ ಡಿಯಾಗೋ ಕಡೆಯ ಪೊವೇಯಲ್ಲಿದ್ದೆ. ಮಾಮ ನಿವೃತ್ತರಾಗಿ ಅತ್ತೆಯೊಡನೆ ಪಸಡೀನಾದಲ್ಲಿದ್ದರು. ಕೊರೋನಾ ಕಾಲ, ಹೋಗಿ ಬರುವ ಹಾಗಿರಲಿಲ್ಲ. ಅದಕ್ಕೆ ಶನಿವಾರ ಮಧ್ಯಾಹ್ನ ಇಬ್ಬರೂ ಫೋನ್ ಸ್ಪೀಕರಿಗೆ ಹಾಕಿಕೊಂಡು, ಒಂದೇ ಸಿನಿಮಾವನ್ನು ನಮ್ಮ ನಮ್ಮ ಟಿವಿಯಲ್ಲಿ ಒಟ್ಟಿಗೆ ಹಚ್ಚುತ್ತಿದ್ದೆವು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಸಿನಿಮಾಗಳೇ ಆಗಬೇಕೆಂದು ಮಾಮನ ಹಟ. ಎಷ್ಟು ಎಣಿಸಿ ಒತ್ತಿದರೂ ಅವರ ಟಿವಿ ನನ್ನದಕ್ಕಿಂತ ತುಸು ಮುಂದೆ ಓಡುತ್ತಿತ್ತು. ನನ್ನ ಟಿವಿಯಲ್ಲಿ ನಾಯಕ ಇನ್ನೂ ಬಾಗಿಲ ಹತ್ತಿರ ಹೋಗುತ್ತಿರುವಾಗಲೇ ಪಸಡೀನಾದಿಂದ "ಅಯ್ಯೋ ಮುಠ್ಠಾಳ!" ಎಂದು ಕೇಳಿಸುತ್ತಿತ್ತು. ಭವಿಷ್ಯದಲ್ಲಿ ಸೋದರಮಾವನೊಬ್ಬ ಇದ್ದರೆ ಸಸ್ಪೆನ್ಸ್ ಸಿನಿಮಾ ನೋಡುವುದು ಕಷ್ಟ.

ಮಾಮನಿಗೆ ಈ ಸಿನಿಮಾಗಳು ಯಾಕೆ ಗೆಲ್ಲುತ್ತವೆ, ಯಾಕೆ ಸೋಲುತ್ತವೆ ಎಂಬುದರ ಬಗ್ಗೆ ಖಚಿತ ಅಭಿಪ್ರಾಯಗಳಿದ್ದವು. ಕಾಲಯಂತ್ರ ಕೆಲಸ ಮಾಡುವ ಬಗೆಯನ್ನು ಯಾರಾದರೂ ವಿವರಿಸಲು ಹೊರಟರೆ ಸಿನಿಮಾ ಕೈಬಿಟ್ಟುಹೋಯಿತು. "ಮಿಕ್ಸಿ ಹೇಗೆ ತಿರುಗುತ್ತೆ ಅಂತ ಗೊತ್ತಾ ನಿನಗೆ? ಹಾಗಂತ ಚಟ್ನಿ ತಿನ್ನಲ್ವಾ?" ಎನ್ನುತ್ತಿದ್ದರು. ಪ್ರಪಂಚ ಉಳಿಸಲು ಹಿಂದಕ್ಕೆ ಹೋಗುವವನ ಮೇಲಂತೂ ಅವರಿಗೆ ನಂಬಿಕೆಯೇ ಇಲ್ಲ. "ಪ್ರಪಂಚ ಉಳ್ದೇ ಉಳಿಯುತ್ತೆ ಕಣೇ. ಎರಡನೇ ಭಾಗ ತೆಗೀಬೇಕಲ್ಲ ಅವ್ರು!" ತಪ್ಪು ತಿದ್ದಿದವನ ಮೈಮೇಲೆ ಒಂದು ಗೀರೂ ಇಲ್ಲದಿದ್ದರೆ ಟಿವಿ ಆರಿಸಿಬಿಡುತ್ತಿದ್ದರು. ನನ್ನದರಲ್ಲಿ ಇನ್ನೂ ಓಡುತ್ತಿರುತ್ತಿತ್ತು.

ನನ್ನ ತಕರಾರು ಬೇರೆ. ಈ ನಾಯಕರು ಹಿಂದಕ್ಕೆ ಹೋದಾಗ ಎಲ್ಲವೂ ಅವರಿಗೆ ನೆನಪಿದ್ದ ಹಾಗೆಯೇ ಇರುತ್ತದೆ. ಅದೇ ಬೀದಿ, ಅದೇ ಗೇಟು. ನಾನು ಹೋದರೆ ನಮ್ಮ ಮನೆ ಸಿಗುವುದೇ ಅನುಮಾನ. ನೆನಪಿನಲ್ಲಿರುವ ಬಲತಿರುವು ನಿಜದಲ್ಲಿ ಎಡಕ್ಕಿರುತ್ತದೆ, ಯಾರದೋ ಮನೆಗೆ ನುಗ್ಗಿ ಬೈಸಿಕೊಂಡು ವಾಪಸ್ ಬರುತ್ತೇನೆ. ಅಂಥದೊಂದು ಸಿನಿಮಾ ಯಾರೂ ತೆಗೆದ ಹಾಗೆ ಕಾಣೆ.

ಎಲ್ಲ ಸಿನಿಮಾಗಳ ಕೊನೆಗೂ ಮಾಮನ ತೀರ್ಪು ಒಂದೇ: "ಆ ಹಲ್ಲಿನ ಡಾಕ್ಟರ ಸಿನಿಮಾದಲ್ಲಿ ಈ ತಪ್ಪು ಇರ್ಲಿಲ್ಲ ನೋಡು." ಹೆಸರೇನು ಎಂದರೆ, "ಏನೋ ಇಂಗ್ಲಿಷ್ ಹೆಸರು, ಬಿಡು."

ಮೂರು ವರ್ಷ ಕಳೆದಿರಬೇಕು. ನಮ್ಮ ಕಡೆಯ ಕನ್ನಡ ಗೆಳೆಯರು ರಾಜ್ಯೋತ್ಸವಕ್ಕೆ ಕಿರುಚಿತ್ರ ಮಾಡೋಣ ಎಂದರು. ನಿರ್ದೇಶಕರು ಹುಬ್ಬಳ್ಳಿಯ ಒಬ್ಬ ಟೆಲಿಕಾಂ ಎಂಜಿನಿಯರ್. ಕ್ಯಾಮೆರಾ ಅವರದು, ಆದ್ದರಿಂದ ಚುನಾವಣೆ ಬೇಕಾಗಲಿಲ್ಲ. ಅವರ ಗರಾಜಿನಲ್ಲಿ ವಾಷಿಂಗ್ ಮಷೀನಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಾಗ ನಾನು ಹಲ್ಲಿನ ಡಾಕ್ಟರ ಕಥೆ ಹೇಳಿದೆ. ಮಾಮನಂತೆಯೇ ಹೇಳಿದೆ ಎಂದುಕೊಂಡಿದ್ದೇನೆ. ಯಾರೂ ಫೋನ್ ನೋಡಲಿಲ್ಲ. ಕೆಲವರು ದವಡೆ ಮುಟ್ಟಿಕೊಂಡರು. ನನಗೆ ಜೀವನದಲ್ಲಿ ಮೊದಲ ಬಾರಿಗೆ ಸಿನಿಮಾ ಮಾಡಬೇಕು ಎನಿಸಿತು, ಇದೇ ಸಿನಿಮಾ, ಬೇರೆಯದಲ್ಲ.

"ಮಸ್ತ್ ಐತ್ರಿ ಮೇಡಂ" ಎಂದರು ನಿರ್ದೇಶಕರು. "ಎಲ್ಲಿಂದ ಬಂತ್ರಿ ಈ ಕಥಿ?"

"ನಮ್ಮ ಮಾಮ ನೋಡಿದ ಒಂದು ಇಂಗ್ಲಿಷ್ ಸಿನಿಮಾ" ಎಂದೆ. ಯಾಕೆ ಹೇಳಿದೆನೋ.

"ಹಂಗಾದ್ರ ಬ್ಯಾಡ್ರಿ! ಹೋದ ವರ್ಷದ ನಾಟಕ ಕದ್ದದ್ದು ಅಂತ ಮುಂದಿನ ಸಾಲಿನಾಗ ಕುಂತವ್ರೇ ಹೇಳಿಬಿಟ್ರು. ಮಾರಿ ಎತ್ತಿ ಅಡ್ಡಾಡಾಕ ಆಗಿಲ್ಲ ನನಗ. ಕಥಿ ಸ್ವಂತದ್ದಿರಬೇಕ್ರಿ."

ಮನೆಯಲ್ಲಿ ಮಗಳಿಗೆ ಹುಡುಕಲು ಹೇಳಿದೆ. ನಾನು ಕನ್ನಡದಲ್ಲಿ ವಿವರಿಸಿದೆ, ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಬಹಳ ಹೊತ್ತಿನ ಮೇಲೆ, "ಅಮ್ಮಾ, ದಿಸ್ ಮೂವಿ ಡಸಂಟ್ ಎಕ್ಸಿಸ್ಟ್" ಎಂದಳು. ಆಮೇಲೆ ತಲೆ ಎತ್ತಿ, "ವೇಟ್, ಅಮೆರಿಕನ್ ಮೂವಿಯಲ್ಲಿ ಮೊಸರನ್ನ?"

ಆ ಪ್ರಶ್ನೆ ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಮೊಸರನ್ನ ಮಾಮ ಸೇರಿಸಿದ್ದೋ, ಅಂದು ರಾತ್ರಿ ಅಮ್ಮ ನನಗೆ ತಿನ್ನಿಸಿದ್ದು ಕಥೆಯೊಳಗೆ ಸೇರಿಕೊಂಡಿತೋ ಹೇಳಲಾರೆ. ಆದರೆ ಅನುಮಾನ ಹುಟ್ಟಿತು, ಅದರ ಹಿಂದೆಯೇ ಆಸೆಯೂ. ಇದು ಮಾಮನೇ ಕಟ್ಟಿದ ಕಥೆಯಾಗಿದ್ದರೆ ನಮ್ಮ ಸಿನಿಮಾ ಆಗುತ್ತದೆ. ನಿರ್ದೇಶಕರಿಗೆ ಫೋನ್ ಮಾಡಿದೆ. "ಅವ್ರ ಬಾಯಿಲೇ ಹೇಳಿಸ್ರಿ, ಕಥಿ ಅಂತ ಅವ್ರ ಹೆಸರು ದೊಡ್ಡದಾಗಿ ಹಾಕ್ತೀನಿ. ಅಲ್ಲೀತನಕ ಕ್ಯಾಮೆರಾ ಪೆಟ್ಟಿಗಿಯಿಂದ ಹೊರಗ ಬರಂಗಿಲ್ಲ" ಎಂದರು.

ಮುಂದಿನ ಭಾನುವಾರ ಪಸಡೀನಾಗೆ ಡ್ರೈವ್ ಮಾಡಿದೆ. ಅತ್ತೆ ನುಗ್ಗೇಕಾಯಿ ಹುಳಿ ಮಾಡಿದ್ದರು. ಎಲ್ಲರೂ ಕೂತ ಮೇಲೆ, ಒಳ್ಳೆಯ ಸಮಯ ಎಂದುಕೊಂಡು ಕಿರುಚಿತ್ರದ ವಿಷಯ ಹೇಳಿ ಕೇಳಿದೆ: "ಮಾಮ, ಆ ಹಲ್ಲಿನ ಡಾಕ್ಟರ ಸಿನಿಮಾ ನೀವು ನಿಜವಾಗ್ಲೂ ನೋಡಿದ್ದಾ, ನೀವೇ ಕಟ್ಟಿದ್ದಾ?"

ಮಾಮನ ಎದೆ ಸ್ವಲ್ಪ ಉಬ್ಬಿತು. "ಕಟ್ಟೋದೇನು? ನೋಡಿದ್ದು. ಚಾಟ್ಸ್‌ವರ್ತ್‌ನಲ್ಲೇ, ಆಫೀಸ್ ಹತ್ರ. ಒಂದು ಮಧ್ಯಾಹ್ನ..."

ಅತ್ತೆ ಸೌಟು ಕೆಳಗಿಟ್ಟರು. "ಯಾವ ಮಧ್ಯಾಹ್ನ ರೀ?"

"ಯಾವುದೋ ಒಂದು."

"ಆಗ ಮಧ್ಯಾಹ್ನ ಉಸಿರಾಡೋಕೂ ಪುರುಸೊತ್ತಿಲ್ಲ ಅಂತಿದ್ರಿ. ನನ್ನನ್ನ ಕಾರ್ ಡ್ರೈವಿಂಗ್ ಕ್ಲಾಸಿಗೆ ಕರ್ಕೊಂಡು ಹೋಗಿ ಅಂದ್ರೆ ಮೀಟಿಂಗು. ಅಂಗಡಿಗೆ ಅಂದ್ರೆ ಮೀಟಿಂಗು. ಸಿನಿಮಾಗೆ ಮಾತ್ರ ಟೈಮ್ ಇತ್ತಾ? ಯಾರ ಜೊತೆ ಹೋಗಿದ್ರಿ?"

"ಜೊತೆ ಯಾರೂ ಇರ್ಲಿಲ್ಲ."

"ಒಬ್ರೇ? ಹೋಟ್ಲಲ್ಲಿ ಒಬ್ರೇ ಕೂತು ಕಾಫಿ ಕುಡಿಯೋಕೂ ನಾಚ್ಕೋತೀರ, ಒಬ್ರೇ ಸಿನಿಮಾಗೆ ಹೋದ್ರಾ?" ಅತ್ತೆ ನನ್ನ ಕಡೆ ತಿರುಗಿದರು. "ಕೇಳಮ್ಮಾ, ಚೆನ್ನಾಗಿ ಕೇಳು. ನಾನೂ ಕೇಳಿಸ್ಕೋತೀನಿ."

ನಾನು ಏನು ಮಾಡಿಟ್ಟೆ ಎಂದು ಆಗ ಅರ್ಥವಾಯಿತು. ನೋಡಿದೆ ಎಂದರೆ ಎಂದೋ ಮುಗಿದ ಒಂದು ಮಧ್ಯಾಹ್ನದ ಲೆಕ್ಕವನ್ನು ಅತ್ತೆಗೆ ಒಪ್ಪಿಸಬೇಕು. ಕಟ್ಟಿದೆ ಎಂದರೆ, ಇಷ್ಟು ವರ್ಷ ಜಗತ್ತಿನ ಸಿನಿಮಾಗಳನ್ನೆಲ್ಲ ಇಲ್ಲದ ಒಂದು ಸಿನಿಮಾದಿಂದ ಹೊಡೆದು ಹಾಕಿದ್ದನ್ನು ಒಪ್ಪಿಕೊಳ್ಳಬೇಕು. ಹಿಂದೆ ಹೋದರೂ ಪೆಟ್ಟು, ಮುಂದೆ ಬಂದರೂ ಪೆಟ್ಟು. ಸ್ವತಃ ಮಾಮನೇ ಮೆಚ್ಚಬಹುದಾದ ಕಥೆಯ ಕಟ್ಟು ಅದು.

ಮಾಮ ನುಗ್ಗೇಕಾಯಿಯೊಂದನ್ನು ಬಹಳ ಶ್ರದ್ಧೆಯಿಂದ ಜಗಿದರು. "ಹುಳಿ ಚೆನ್ನಾಗಿದೆ" ಎಂದರು. ಎದ್ದು ಹಿತ್ತಲಿನ ನಿಂಬೆ ಗಿಡ ನೋಡಲು ಹೋದರು. ಊಟದ ನಡುವೆ ಗಿಡ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಹೊರಡುವಾಗ ಕಾರಿನವರೆಗೆ ಬಂದರು. ಉತ್ತರ ಬರುತ್ತದೆ ಎಂದು ಕಿಟಕಿ ಇಳಿಸಿದೆ. ಹಿಂದೆ ಬಾಗಿಲಲ್ಲಿ ಅತ್ತೆ ಇದ್ದಾರೆಯೇ ಎಂದು ತಿರುಗಿ ನೋಡಿ, ಬಗ್ಗಿ ಕೇಳಿದರು: "ಡಾಕ್ಟರ ಪಾರ್ಟು ಯಾರು ಮಾಡ್ತಾರೆ?"

"ಇನ್ನೂ ಯಾರೂ ಇಲ್ಲ ಮಾಮ. ಸಿನಿಮಾನೇ ಇಲ್ವಲ್ಲ."

"ಸ್ವಲ್ಪ ವಯಸ್ಸಾದವರು ಬೇಕು. ಕೂದಲು ಬೆಳ್ಳಗಿದ್ರೆ ಒಳ್ಳೇದು. ನೋವು ಮುಖದಲ್ಲಿ ಕಾಣಬೇಕು, ಕಿರುಚೋ ಹಾಗಿಲ್ಲ." ಎಂದು ದವಡೆಯ ಮೇಲೆ ಕೈಯಿಟ್ಟು ತೋರಿಸಿದರು. ಬಹಳ ಚೆನ್ನಾಗಿತ್ತು. ನನ್ನ ಹಳೆಯ ಹಲ್ಲಿನ ಜಾಗದಲ್ಲಿ ಒಂದು ಸಣ್ಣ ಜುಮ್ಮು ಬಂದ ಹಾಗಾಯಿತು, ಅಥವಾ ಈಗ ಬರೆಯುವಾಗ ಹಾಗೆನಿಸುತ್ತಿದೆ.

ಸಿನಿಮಾ ಗೆಲ್ಲುವುದು ಸೋಲುವುದು ಬೇರೆ ಯಾವ ಕಾರಣಕ್ಕೋ ಇರಬಹುದು. ಇದೊಂದು ಸಿನಿಮಾ, ಇದ್ದರೂ ಇಲ್ಲದಿದ್ದರೂ, ಗೆದ್ದದ್ದು ನನಗೆ ಗೊತ್ತು. ಬಾಯಿ ತೆರೆಯುವುದಿಲ್ಲ ಎಂದು ಹಟ ಹಿಡಿದವಳ ಬಾಯಿ ತೆರೆಸಿತ್ತು. ಈಗ ಮಾಮನ ಬಾಯಿ ತೆರೆಸುವ ಕಥೆಯೊಂದು ನನ್ನ ಬಳಿ ಇಲ್ಲ.

ಮೊನ್ನೆ ಮಾಮನೇ ಫೋನ್ ಮಾಡಿದರು. ಚಾಟ್ಸ್‌ವರ್ತ್ ಕಂಪನಿಯ ಕಾಲದ ಬಿಳಿ ಕೋಟು ಸಿಕ್ಕಿದೆಯಂತೆ. ಒಗೆದು ಇಸ್ತ್ರಿಯಾಗಿದೆ. ಭುಜ ತುಸು ಬಿಗಿ, ಆದರೆ ಕ್ಯಾಮೆರಾಗೆ ಗೊತ್ತಾಗಲಿಕ್ಕಿಲ್ಲ. ಕುರ್ಚಿಗೆ ಅವರ ಮನೆಯ ಹಿಂದಕ್ಕೆ ವಾಲುವ ರಿಕ್ಲೈನರ್ ಸಾಕಾ, ಬೇರೆ ತರಿಸಬೇಕಾ ಎಂದು ಕೇಳಿದರು. ನಾನು ಅವರನ್ನು ತಡೆದೆ. ಹಿಂದುಗಡೆ ಅತ್ತೆ "ಯಾರ್ರೀ ಫೋನು?" ಎನ್ನುವುದು ಕೇಳುತ್ತಿತ್ತು. ದನಿ ತಗ್ಗಿಸಿದೆ.

"ಮಾಮ, ಕೋಟು ಆಮೇಲೆ. ನಾನು ಅತ್ತೆಗೂ ಹೇಳಲ್ಲ, ಅಣ್ಣನಿಗೂ ಹೇಳಲ್ಲ. ಆ ಸಿನಿಮಾ ನೀವು ನೋಡಿದ್ದಾ, ನನಗೋಸ್ಕರ ಅಲ್ಲೇ ಸ್ಟೂಲ್ ಮೇಲೆ ಕೂತು ಕಟ್ಟಿದ್ದಾ?"