ಅಡವಿ ಉಳ್ಳಾಗಡ್ಡಿಯ ಹೂವು

ಊರೂರು ತಿರುಗಿ ಹೊಲ ಅಳೆಯುವುದು ನನ್ನ ಸರ್ಕಾರಿ ಕೆಲಸ. ಹೋದಲ್ಲೆಲ್ಲ ಜನ ಗಾಳಿ, ದೆವ್ವ ಅಂತ ಏನಾದರೂ ಹೇಳುವವರೇ. ಚಹಾ ಕುಡಿಯುತ್ತ ಕೇಳುತ್ತಿದ್ದೆ, ಕಪ್ಪು ಕೆಳಗಿಡುವಷ್ಟರಲ್ಲಿ ಮರೆಯುತ್ತಿದ್ದೆ. ಇದನ್ನು ಓದಿ ನೀವೂ ಹಾಗೇ ಮರೆತರೆ ನನಗೇನೂ ಬೇಸರವಿಲ್ಲ.

ಆರೇಳು ವರ್ಷದ ಹಿಂದಿನ ಬೇಸಿಗೆ. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಯಮನಪ್ಪ ಮತ್ತು ಅವನ ತಂಗಿ ಹನುಮವ್ವನಿಗೆ ತಂದೆಯ ಹೊಲ ಪಾಲಾಗಿತ್ತು. ನಡುವಿನ ಬದು ಟ್ರ್ಯಾಕ್ಟರಿಗೆ ಸಿಕ್ಕು ಅಳಿಸಿಹೋಗಿ, ಗಡಿ ಎಲ್ಲಿ ಎಂಬುದೇ ಜಗಳ. ಮಧ್ಯಾಹ್ನದಿಂದ ಅಳೆದು ಗೂಟ ಹೊಡೆದೆ. ಹನುಮವ್ವನ ಬೋರು ಅಣ್ಣನ ಪಾಲಿಗೆ ಹೋಯಿತು. ಗಂಡ ಸತ್ತ ಮೇಲೆ ಆ ನೀರೇ ಅವಳಿಗೆ ಆಧಾರ.

ಅವಳು ಅಳಲಿಲ್ಲ, ವಾದಿಸಲೂ ಇಲ್ಲ. "ಸಾಹೇಬ್ರ, ನಮ್ಮವ್ವ ಬದುವಿನ ಗುಂಟ ಅಡವಿ ಉಳ್ಳಾಗಡ್ಡಿ ಹಚ್ಚಿದ್ಲರಿ. ಹೊತ್ತು ಮುಣಗೂಮುಂದ ಅರಳತಿದ್ದುವು. ಬೋರು ದಾಟಿ ಅಣ್ಣನ ಕಡಿಗಿದ್ದುವು," ಎಂದಷ್ಟೇ ಹೇಳಿ ಬೋರಿನ ಹತ್ತಿರ ಹೋಗಿ ಕೂತಳು. ಹತ್ತು ವರ್ಷ ಉತ್ತ ನೆಲದಲ್ಲಿ ಕಾಡು ಈರುಳ್ಳಿಯ ಗಡ್ಡೆ ಎಲ್ಲಿ ಉಳಿದೀತು ಎಂದು ಯಮನಪ್ಪ ನಕ್ಕ. ನಾನೂ ನಕ್ಕೆ.

ಹೊತ್ತು ಇಳಿದಿತ್ತು. ಟೇಪು ಸುತ್ತಿ ತಲೆ ಎತ್ತಿದರೆ, ಖಾಲಿ ಇದ್ದ ಕಪ್ಪು ಮಣ್ಣಿನಲ್ಲಿ ಮೊಣಕಾಲೆತ್ತರದ ದಂಟುಗಳು ನಿಂತಿದ್ದವು. ಒಂದೂ ಎಲೆಯಿಲ್ಲ. ಮಾಸಲು ಬಿಳಿಯ ಹೂಗಳು ಒಂದೊಂದಾಗಿ ಬಿರಿಯುತ್ತಿದ್ದವು. ಮೂಲೆಯ ಕಲ್ಲಿನಿಂದ ಬೇವಿನ ಮರದವರೆಗೆ ದಾರ ಹಿಡಿದಂತೆ ಒಂದೇ ಸಾಲು, ಬೋರು ದಾಟಿ ಅಣ್ಣನ ಕಡೆಗೆ. ಯಮನಪ್ಪ ನನ್ನ ತೋಳು ಹಿಡಿದುಕೊಂಡ.

ನಾನು ಮತ್ತೆ ನಕಾಶೆ ಬಿಚ್ಚಿದೆ. ಒಂದು ಅಂಕಿ ತಪ್ಪಾಗಿ ಓದಿದ್ದೆ. ಸರಿಯಾಗಿ ಅಳೆದಾಗ ಗಡಿ ಆ ಸಾಲಿನ ಮೇಲೇ ಬಂತು. ಬೋರು ಹನುಮವ್ವನಿಗೇ ಉಳಿಯಿತು. ಯಮನಪ್ಪ ಸಹಿ ಹಾಕಿದ.

ಮರುದಿನ ಕಲ್ಲು ನೆಡಲು ಹೋದೆ. ಒಂದು ದಂಟೂ ಇರಲಿಲ್ಲ. ಯಮನಪ್ಪ ನನಗಿಂತ ಮೊದಲೇ ಬಂದು ಸಾಲಿನುದ್ದಕ್ಕೂ ಮೊಣಕಾಲಾಳ ಅಗೆದಿದ್ದ. ಗಡ್ಡೆ ಹೋಗಲಿ, ಬೇರಿನ ಎಳೆಯೂ ಸಿಕ್ಕಿರಲಿಲ್ಲ. ಯಾರ ಮುಂದೂ ಹೇಳಬೇಡಿ ಎಂದು ಕೇಳಿಕೊಂಡ.

ಹನುಮವ್ವ ಕೊಡ ತುಂಬುತ್ತಿದ್ದಳು. ನಿನ್ನೆಯ ಹೂವೆಲ್ಲ ಏನಾದವು ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಯಾವ ಹೂವುರಿ? ನೀವಿಬ್ರೂ ಬರೇ ಮಣ್ಣು ನೋಡ್ಕೊಂತ ನಿಂತಿದ್ರಿ. ಯಾಕ ಅಂತ ನಾ ಕೇಳ್ಲಿಲ್ಲ."

ಹಿಂದಿನ ದಿನ ಅವಳು ಹೇಳಿದ ಹೂವಿನ ಮಾತು ಕಿವಿಯಲ್ಲಿದ್ದುದರಿಂದ ನನಗೆ ಹಾಗೆ ಕಂಡಿತು ಅನ್ನೋಣ. ಯಮನಪ್ಪನಿಗೂ ಕಂಡಿತಲ್ಲ.