ದಾಂಡೇಲಿ ಸಂತೆಗೆ ಬರಿಗೈಯಲ್ಲಿ

ಹಳಿಯಾಳದ ಬಸ್ಸು ಧಾರವಾಡದಿಂದ ಬೆಳಿಗ್ಗೆ ಆರೂವರೆಗೆ ಹೊರಟಿತು. ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟರು. ದಸರೆ ಮುಗಿದಿತ್ತು, ದೀಪಾವಳಿಗೆ ಇನ್ನೂ ಒಂದು ವಾರವಿತ್ತು. ಕಿಟಕಿಯಿಂದ ಬರುವ ಗಾಳಿಗೆ ಶಾಲು ಹೊದೆಯುವಷ್ಟು ಚಳಿ. ತೊಡೆಯ ಮೇಲಿನ ಚೀಲದಲ್ಲಿ ನೀರಿನ ಬಾಟಲಿ ಮತ್ತು ಗೆಳತಿಯ ತಾಯಿಗೆಂದು ಅರ್ಧ ಕಿಲೋ ಪೇಡೆ ಇದ್ದವು. ನಿಜವಾಗಿ ಒಯ್ಯಬೇಕಾಗಿದ್ದ ಗೆಡ್ಡೆ ಇರಲಿಲ್ಲ.

ಗೆಳತಿಯ ಹೆಸರು ಫಿಲೋಮಿನಾ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಸೂಪಾ ಕಡೆಯ ಹಳ್ಳಿಯೊಂದರ ಸಿದ್ದಿ ರೈತರ ಮಗಳು. ಪರೀಕ್ಷೆ ಮುಗಿದು ಕೋಣೆ ಖಾಲಿ ಮಾಡಿದ ಮೇ ತಿಂಗಳಲ್ಲಿ, ಬೂದಿ ಸವರಿದ ಒಂದು ಕೋನದ ತುಂಡನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟಿದ್ದಳು. ಕೋನವೆಂದರೆ ಜೋಯಿಡಾ ಸುತ್ತಿನ ಹಿತ್ತಿಲುಗಳಲ್ಲಿ ಬಳ್ಳಿಯ ಬುಡದಲ್ಲಿ ಬೆಳೆಯುವ ಗೆಡ್ಡೆ. ಅವರ ಮನೆಯದು ಕೊಯ್ದರೆ ಒಳಗೆ ನೇರಳೆ ಬಣ್ಣ. ಬಿತ್ತನೆಯ ತುಂಡನ್ನು ಅವರ ಮನೆಯವರು ಮಾರುವುದಿಲ್ಲ. ಬೇಕಾದವರಿಗೆ ಕೊಡುತ್ತಾರೆ, ಪಡೆದವರು ನೆಟ್ಟು ಬೆಳೆಸಿ, ಅಷ್ಟೇ ದೊಡ್ಡ ತುಂಡನ್ನು ಹಿಂದಿರುಗಿಸಬೇಕು. ಒಂದು ಹಿತ್ತಿಲಿನಲ್ಲಿ ಬೀಜ ಹಾಳಾದರೂ ಇನ್ನೊಂದರಲ್ಲಿ ಉಳಿದಿರುತ್ತದೆ.

ಇದನ್ನೆಲ್ಲ ಅವಳು ಬಿಡಿಸಿ ಹೇಳಿದ್ದಳು. ನಾನು ಆ ತುಂಡನ್ನು ಅಡುಗೆಮನೆಯ ಬುಟ್ಟಿಯಲ್ಲಿಟ್ಟೆ. ಐದನೆಯ ದಿನ ಅವ್ವ ಅದನ್ನು ಹುಳಿಗೆ ಹೆಚ್ಚಿದಳು. ನಾನು ಎದುರಿಗೇ ನಿಂತಿದ್ದೆ. ಒಂದು ಗೆಡ್ಡೆ ತಾನೇ ಎಂದುಕೊಂಡೆ, ಉಂಡೆ.

ಆ ದೀಪಾವಳಿಗೆ ಫಿಲೋಮಿನಾ ಫೋನ್ ಮಾಡಿ ಬಳ್ಳಿ ಎಷ್ಟೆತ್ತರ ಹೋಗಿದೆ ಎಂದು ಕೇಳಿದಾಗ, ಮಾಳಿಗೆ ಮುಟ್ಟಿದೆ ಎಂದೆ. ಗೆಡ್ಡೆ ಹಿಂದಿರುಗಿಸುವ ಮಾತು ಬಂದಾಗ, ಇನ್ನೊಂದು ವರ್ಷ ಬೆಳೆಯಲಿ ಎಂದೆ. ಹೀಗೆ ಮೂರು ವರ್ಷ ಕಳೆದವು. ಹೋದ ವಾರ ಅವಳ ಸಂದೇಶ ಬಂತು: ‘ಹಂದಿ ಬಂದು ಕೋನ ಎಲ್ಲಾ ಅಗದು ತಿಂದು ಹೋದುವು. ಬೀಜಕ್ಕೂ ಉಳದಿಲ್ಲ. ರವಿವಾರ ದಾಂಡೇಲಿ ಸಂತ್ಯಾಗ ಇರ್ತೇವಿ. ನಿಮ್ಮ ಮನಿದು ತಗೊಂಡು ಬಾ.’

ಎಂಟು ಗಂಟೆಗೆ ಹಳಿಯಾಳ. ದಾಂಡೇಲಿ ಬಸ್ಸಿಗೆ ಅರ್ಧ ಗಂಟೆ ಇತ್ತು. ನಿಲ್ದಾಣದ ಹೊರಗೆ ಗೋಣಿಚೀಲ ಹಾಸಿ ಕೂತವರ ಮುಂದೆ ಗೋವಿನಜೋಳದ ತೆನೆ, ಕೆಂಪು ಕುಂಬಳಕಾಯಿ, ಮೊಳದುದ್ದದ ಸವತಿಕಾಯಿ, ಚೆಂಡುಹೂವಿನ ರಾಶಿ. ಹತ್ತು ರೂಪಾಯಿಗೆ ಚಹಾ ಕುಡಿದು, ತೇರಗಾಂವದಿಂದ ಬಂದಿದ್ದ ಒಬ್ಬ ಹೆಂಗಸಿನ ಹತ್ತಿರ ಕೋನ ಇದೆಯೇ ಎಂದು ಕೇಳಿದೆ.

“ಕೋನ ನಮ್ಮ ಕಡೆ ಯಾರ್ ಹಚ್ತಾರವಾ? ಅದು ಜೋಯಿಡಾದವ್ರ ಮಾಲು. ಸವತಿಕಾಯಿ ಒಯ್ಯಿ, ಬೆಲ್ಲ ಹಾಕಿ ದ್ವಾಸಿ ಮಾಡು. ಮನ್ಯಾಗಿನವ್ರು ಜಗಳ ಬಿಟ್ಟು ತಿಂತಾರ.”

“ನಮ್ಮ ಮನ್ಯಾಗ ಜಗಳಿಲ್ರಿ.”

“ಹಂಗಾರ ಒಂದ ಸಾಕು ತಗೋ.”

ಸವತಿಕಾಯಿ ತೆಗೆದುಕೊಳ್ಳಲಿಲ್ಲ. ಕೋನ ಕೇಳಿದ್ದಕ್ಕೆ ಕಾರಣವಿತ್ತು. ನೇರಳೆ ಬಣ್ಣದ್ದು ಎಲ್ಲಾದರೂ ಸಿಕ್ಕರೆ ಕೊಂಡು, ನಮ್ಮ ಮನೆಯದು ಎಂದು ಕೊಟ್ಟುಬಿಡಬಹುದು ಎಂದು ಬಸ್ಸಿನಲ್ಲಿ ಯೋಚಿಸಿದ್ದೆ.

ಹಳಿಯಾಳ ದಾಟಿದ ಮೇಲೆ ಕಬ್ಬು, ಬಾಗಿದ ಭತ್ತದ ಗದ್ದೆ, ಆಮೇಲೆ ಸಾಗವಾನಿ ಕಾಡು. ಒಂಬತ್ತೂಕಾಲಕ್ಕೆ ದಾಂಡೇಲಿಯಲ್ಲಿ ಇಳಿದೆ. ರೈತರೇ ತಮ್ಮ ಮಾಲು ತಂದು ಕೂಡುವ ಈ ಸಣ್ಣ ಸಂತೆ ಕಾಗದ ಕಾರ್ಖಾನೆಯ ಕೆಲಸಗಾರರ ಓಣಿಯ ಪಕ್ಕದಲ್ಲಿದೆ. ರಾತ್ರಿಪಾಳಿ ಮುಗಿಸಿದವರು ಟಿಫಿನ್ ಡಬ್ಬಿ ಕೈಯಲ್ಲಿ ಹಿಡಿದೇ ಕೊತ್ತಂಬರಿ ಚೌಕಾಶಿ ಮಾಡುತ್ತಿದ್ದರು. ಸಾಲಿನ ಮೊದಲಿಗೇ ಒಬ್ಬ ಮುದುಕರ ಮುಂದೆ ನಾಲ್ಕು ಕೋನ ಕಂಡವು. ಒಂದರ ಕೊಯ್ದ ಬದಿ ನೇರಳೆ. ಕಿಲೋಗೆ ಎಂಬತ್ತು ಎಂದರು. ಕೈಗೆತ್ತಿಕೊಂಡೆ.

“ಚಲೋ ಐತಿ ನೋಡ್ರಿ. ಆದ್ರ ನೆಡಾಕ ಅಲ್ಲ, ತಿನ್ನಾಕ.”

“ಎರಡಕ್ಕೂ ಫರಕ ಗೊತ್ತಾಗ್ತೈತೇನ್ರಿ?”

“ಫರಕ ಅಷ್ಟ ಅಲ್ಲಬೇ, ಯಾರ ಹಿತ್ತಲದ್ದು ಅನ್ನೂದೂ ಸಿಪ್ಪಿ ನೋಡಿದ್ರ ಹೇಳ್ತೇವಿ.”

ಅದನ್ನು ಇದ್ದಲ್ಲೇ ಇಟ್ಟು ಮುಂದೆ ನಡೆದೆ.

ಫಿಲೋಮಿನಾ ಮತ್ತು ಅವಳ ತಾಯಿ ಆಲದ ಮರದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿ ಮುಡ್ಲಿ ಬೇಯಿಸುತ್ತಿದ್ದರು. ಮುಡ್ಲಿ ಕೆಸುವಿನ ಜಾತಿಯ ಗೆಡ್ಡೆ. ಬಾಯಿ ಕೆರೆಯುತ್ತದೆಂದು ಪೇಟೆಯವರು ಹೆದರುತ್ತಾರೆ. ಹಾಗಾಗಿ ಮಾಲಿನ ಪಕ್ಕದಲ್ಲೇ ಉಪ್ಪು ಹಾಕಿ ಬೇಯಿಸಿ, ಬಿಸಿ ತುಂಡಿಗೆ ಚಟ್ನಿ ಹಚ್ಚಿ ಕೈಗೆ ಕೊಟ್ಟು ಮಾರುವುದು ಇವರ ಕ್ರಮ. ಚಟ್ನಿಗೆ ಒಣಮೆಣಸು, ಬೆಳ್ಳುಳ್ಳಿ, ಕೊಬ್ಬರಿ, ಹುಳಿಗೆ ಮುರುಗಲ ಸಿಪ್ಪೆ. ಪಕ್ಕದ ಬುಟ್ಟಿಯಲ್ಲಿ ಹೊಸ ಭತ್ತದ ಅವಲಕ್ಕಿ.

“ಮೌಶಿ, ಕೆರೀತೈತಿಲ್ಲೋ?” ಎಂದು ಒಬ್ಬ ಕೆಲಸಗಾರ ಕೇಳುತ್ತಿದ್ದ.

“ಕೆರದಿದ್ರ ನನ್ನ ನಾಲಗಿ ಇಷ್ಟ ಓಡ್ತಿತ್ತೇನೋ ತಮ್ಮಾ? ತಿಂದು ನೋಡು, ಆಮ್ಯಾಲ ತಗೋ,” ಎಂದರು ತಾಯಿ. ಅವನು ತಿಂದ. ಇನ್ನೊಂದಕ್ಕೆ ಕೈ ಚಾಚಿದ. “ರುಚಿ ನೋಡಾಕ ಒಂದು ಸಾಕು. ಎರಡನೇದಕ್ಕ ಊಟ ಅಂತಾರ.”

ನಗುತ್ತ ತಿರುಗಿದ ಫಿಲೋಮಿನಾ ನನ್ನನ್ನು ಕಂಡಳು. “ಬಂದ್ಯಾ ಲೇ ಸುಜಿ! ಮಾಯ್, ನೋಡಿಲ್ಲೆ, ನಮ್ಮ ಬಳ್ಳಿ ಮಾಲಕಿ ಬಂದ್ಳು!” ಎಂದು ತಾಯಿಯನ್ನು ಕೂಗಿ ಗೋಣಿಚೀಲದ ಮೇಲೆ ಜಾಗ ಮಾಡಿದಳು. ಮೂರು ವರ್ಷದಲ್ಲಿ ಸ್ವಲ್ಪ ಬಡವಾಗಿದ್ದಳು. ಪೇಡೆ ಕೊಟ್ಟೆ. ಹನ್ನೊಂದರವರೆಗೆ ತೂಕ ಹಾಕಲು ನೆರವಾದೆ. ಗೆಡ್ಡೆಯ ಮಣ್ಣು ಉಗುರಿನೊಳಗೆ ಸೇರಿತು. ಹಾಸ್ಟೆಲಿನಲ್ಲಿ ಅವಳು ಊರಿಂದ ಬಂದ ದಿನ ಮಂಚದ ಮೇಲೆ ಪೇಪರು ಹಾಸಿ ಇದೇ ಮುಡ್ಲಿ ತಿನ್ನುತ್ತಿದ್ದೆವು. ಸಂತೆಯ ಆ ಒಂದೂವರೆ ತಾಸು ಹಾಗೆಯೇ ಮುಗಿಯದೆ ಇದ್ದಿದ್ದರೆ ಎಂದು ಆಸೆಪಟ್ಟೆ.

ಜನ ತೆಳುವಾದಾಗ ಅವಳು ನನ್ನ ಚೀಲವನ್ನು ಎಳೆದುಕೊಂಡಳು. “ಎಲ್ಲೈತಿ?”

“ತಂದಿಲ್ಲ.”

“ಮರತ್ಯಾ?”

“ಬೆಳಸೇ ಇಲ್ಲ ಫಿಲು. ನೀ ಕೊಟ್ಟ ವಾರದಾಗ ಹುಳಿ ಮಾಡಿ ತಿಂದ್ವಿ. ಬಳ್ಳಿ ಇಲ್ಲ. ಇದ್ದಿದ್ದೇ ಇಲ್ಲ.”

ಮೊದಲು ನಕ್ಕವರು ತಾಯಿ. “ಅಯ್ಯ ದೇವರೇ, ಬೀಜಾನ ಹುಳಿ ಮಾಡ್ಯಾಳ! ಏನ್ ಹಾಕಿದ್ರಿ, ಹುಣಸಿನೋ ಮುರುಗಲೋ?”

“ಹುಣಸಿ.”

“ಕೆಡಿಸಿದ್ರಿ ಹಂಗಾರ.”

ಫಿಲೋಮಿನಾ ನಗಲಿಲ್ಲ. ಚೀಲದ ಬಾಯಿ ಮುಚ್ಚಿ ನನ್ನ ಕಡೆ ಸರಿಸಿದಳು. “ತಿಂದದ್ದಕ್ಕ ಅಲ್ಲ. ಹಸದ್ರ ನಾವೂ ತಿಂತೇವಿ. ಮೂರು ವರ್ಷ ಫೋನಿನಾಗ ಬಳ್ಳಿ ಬೆಳಸಿದಿ ನೋಡು, ಅದಕ್ಕ. ಹಂದಿ ಬಂದ ದಿನ ಮಾಯ್ ಕಣ್ಣೀರು ಹಾಕಿದ್ಳು. ನಾ ಏನಂದೆ ಗೊತ್ತೈತಿ? ಅಳಬ್ಯಾಡ, ಧಾರವಾಡದಾಗ ನಮ್ಮದೊಂದು ಬಳ್ಳಿ ಐತಿ ಅಂದೆ.”

ತಪ್ಪಾಯಿತು ಎಂದೆ.

ಊಟದ ಹೊತ್ತಿಗೆ ತಾಯಿ ಮುತ್ತುಗದ ಎಲೆಯ ಮೇಲೆ ಮೂರು ಪಾಲು ಹಾಕಿದರು: ಬಿಸಿ ಮುಡ್ಲಿ, ಚಟ್ನಿ, ಬೆಲ್ಲ ಕಾಯಿ ಕಲಸಿದ ಹೊಸ ಅವಲಕ್ಕಿ. ಅವಲಕ್ಕಿಯಲ್ಲಿ ಇನ್ನೂ ಹುರಿದ ಭತ್ತದ ವಾಸನೆ ಇತ್ತು. ಫಿಲೋಮಿನಾ ನನ್ನ ಪಕ್ಕದಿಂದೆದ್ದು ತಾಯಿಯ ಆಚೆ ಹೋಗಿ ಕೂತಳು. ನಾನು ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಮೂರು ಗಂಟೆಗೆ ಧಾರವಾಡದ ಬಸ್ಸು. ಅವಳು ನಿಲ್ದಾಣದವರೆಗೆ ಬಂದಳು, ಎರಡು ಹೆಜ್ಜೆ ಮುಂದೆ ನಡೆಯುತ್ತ. ಬಸ್ಸು ನಿಂತ ಮೇಲೆ, ಬೇರೆಲ್ಲೋ ನೋಡುತ್ತ ಹೇಳಿದಳು:

“ಮುಂಡಗೋಡ ಕಡೆ ಕೊಟ್ಟ ನಮ್ಮ ಅಕ್ಕನ ಮನಿಗೆ ಒಂದು ತುಂಡು ಹೋಗಿತ್ತು. ಅಕಿ ನೆಟ್ಟಾಳೋ, ನಿನ್ನಂಗ ನುಂಗ್ಯಾಳೋ ಗೊತ್ತಿಲ್ಲ. ಕೇಳಬೇಕು.”

“ಸಿಕ್ರ?”

“ಸಿಕ್ರ ಮೊದಲ ನಮ್ಮ ಹಿತ್ತಲಕ್ಕ. ಉಳದ್ರ ನೋಡೂಣು. ನಿನ್ನ ಕೈಯಾಗಂತೂ ಕೊಡಂಗಿಲ್ಲ.” ನಾನು ಮೆಟ್ಟಿಲು ಹತ್ತಿದೆ. ಹಿಂದಿನಿಂದ ಅವಳ ದನಿ: “ನಾನ ಬಂದು ನೆಡ್ತೇನಿ. ಅದೂ ಉಳದ್ರ.”

ಕಿಟಕಿಯಿಂದ ತಿರುಗಿ ನೋಡುವಾಗ ಅವಳು ಸಂತೆಯ ಕಡೆ ಅರ್ಧ ದಾರಿ ಹೋಗಿದ್ದಳು.

ಇದನ್ನು ಬರೆಯುವ ಹೊತ್ತಿಗೆ ದೀಪಾವಳಿ ಮುಗಿದಿದೆ. ಪ್ರತಿವರ್ಷ ಬರುತ್ತಿದ್ದ ಫೋನು ಈ ಸಲ ಬರಲಿಲ್ಲ. ಕೋನ ನೆಡುವ ಕಾಲ ಬರಲು ಇನ್ನೂ ಆರು ತಿಂಗಳಿದೆ. ಆದರೂ ಹಿತ್ತಿಲಿನಲ್ಲಿ ಮೊಣಕಾಲಷ್ಟು ಆಳದ ಗುಂಡಿ ತೋಡಿ ಒಣಎಲೆ, ಸಗಣಿ ತುಂಬಿಸಿದ್ದೇನೆ. ಬಳ್ಳಿ ಹಬ್ಬಲು ಒಂದು ಕಂಬ ನಿಲ್ಲಿಸಿದ್ದೇನೆ. ಫಿಲೋಮಿನಾಗೆ ಇದನ್ನು ಹೇಳಿಲ್ಲ, ಫೋಟೋ ಕಳಿಸಿಲ್ಲ. ಬಂದರೆ, ಬಂದೇ ನೋಡಲಿ.