ಕತ್ತಲೆ ಕೋಣೆಯ ಹಸಿರು ಚೇಳು

ಪಿಯುಸಿ ಮುಗಿಸಿದ ವರ್ಷವೇ ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಖಾಸಗಿ ಕೇಂದ್ರಕ್ಕೆ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಿನಾ ಯಳಂದೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೆಲಸದಲ್ಲಿ ಜೊತೆಗೆ ಕಾಮಗೆರೆಯ ಒಬ್ಬ ಅಕ್ಕ ಇದ್ದರು. ನಲವತ್ತರ ಆಸುಪಾಸು, ಮಾತು ಕಡಿಮೆ, ಕೈ ಚುರುಕು.

ಕಿಟಕಿಗಳಿಗೆ ಕಪ್ಪು ರಟ್ಟು ಹೊಡೆದಿದ್ದ ಸಣ್ಣ ಕೋಣೆಯಲ್ಲಿ, ನೇರಳಾತೀತ ದೀಪದ ಕೆಳಗೆ ನಮ್ಮ ಕೆಲಸ. ಹೊರಗೆ ಒಂದೇ ಬಿಳುಪಾಗಿ ಕಾಣುವ ಗೂಡುಗಳು ಆ ದೀಪದಡಿ ಬಂದರೆ ಕೆಲವು ಹಳದಿ, ಕೆಲವು ನೇರಳೆಯಾಗಿ ಹೊಳೆಯುತ್ತಿದ್ದವು. ಬಣ್ಣ ನೋಡಿ ಒಳಗಿರುವುದು ಗಂಡೋ ಹೆಣ್ಣೋ ಹೇಳಬಹುದೇ ಎಂದು ಮ್ಯಾನೇಜರು ಪರೀಕ್ಷೆ ಮಾಡಿಸುತ್ತಿದ್ದರು. ನಾವು ಬೇರೆ ಬೇರೆ ತಟ್ಟೆಗೆ ಆಯ್ದು ಹಾಕಬೇಕು. ಸೋಪಿನ ಪುಡಿಯಲ್ಲಿ ಒಗೆದ ನನ್ನ ಬಿಳಿ ರವಿಕೆ ಅಲ್ಲಿ ನೀಲಿಯಾಗಿ ಬೆಳಗುತ್ತಿತ್ತು. ಅಕ್ಕನ ಕೆಂಗಂದು ಸೀರೆ ಮಾತ್ರ ಕತ್ತಲೆಯಲ್ಲೇ ಉಳಿಯುತ್ತಿತ್ತು.

ಆ ದಿನ ಅಜ್ಜೀಪುರದ ಕಡೆಯಿಂದ ಗೂಡುಗಳು ಚಂದ್ರಿಕೆ ಸಮೇತ ಬಂದಿದ್ದವು. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಅಡಗಿದ ಹುಳಹುಪ್ಪಟೆ ಉದುರುವಂತೆ ಅದನ್ನು ಅಂಗಳದಲ್ಲಿ ನೆಲಕ್ಕೆ ಬಡಿದು, ಕೊಡವಿ ಒಳಗೆ ತರುವುದು ನನ್ನ ಕೆಲಸ. ಬಸ್ಸು ತಡವಾಗಿತ್ತು. ಎರಡನ್ನು ಕೊಡವಿ, ಮಿಕ್ಕವನ್ನು ಹಾಗೇ ಹೊತ್ತು ತಂದೆ.

ಅರ್ಧ ಗಂಟೆ ಕೆಲಸ ಸಾಗಿರಬೇಕು. ತಲೆಯೆತ್ತಿ ನೋಡಿದಾಗ ಅಕ್ಕನ ಎಡಭುಜದ ಮೇಲೆ ತಿಳಿ ಹಸಿರಿನದೇನೋ ಹೊಳೆಯಿತು. ಮೊದಲು ಯಾವುದೋ ದಾರ ಅಂದುಕೊಂಡೆ. ಅದು ಬಾಲ ಎತ್ತಿತು.

"ಅಕ್ಕ, ಅಲ್ಲಾಡ್ಬ್ಯಾಡಿ. ಭುಜದ್ ಮ್ಯಾಲೆ ಚೇಳದೆ."

ಅಕ್ಕ ಕೈಯಲ್ಲಿದ್ದ ಗೂಡನ್ನು ಕೆಳಗಿಡಲಿಲ್ಲ. ಉಸಿರು ಹಿಡಿದು, "ಕೆಂಚೇಳಾ?" ಎಂದು ಕೇಳಿದರು. ನನಗೆ ಗೊತ್ತಾಗಲಿಲ್ಲ. ಆ ದೀಪದಲ್ಲಿ ಕರಿ ಚೇಳು, ಕೆಂಪು ಚೇಳು ಎರಡೂ ಹಸಿರೇ. ಹೊಲದಲ್ಲಿ ಕೆಂಚೇಳು ಕುಟುಕಿ ಅವರ ಗಂಡ ಮೈಯೆಲ್ಲ ಬೆವೆತು, ವಾಂತಿ ಮಾಡಿಕೊಂಡು, ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿದ್ದರು. ಅದನ್ನು ಅಕ್ಕನೇ ನನಗೆ ಹೇಳಿದ್ದರು.

ನಾನು ತಟ್ಟೆಯ ಪಕ್ಕದಲ್ಲಿದ್ದ ಇಕ್ಕಳಕ್ಕೆ ಕೈ ಚಾಚುವಷ್ಟರಲ್ಲಿ ಕರೆಂಟು ಹೋಯಿತು.

ತಡಕಾಡಿ ಬಾಗಿಲು ತೆರೆದೆ. ಹಜಾರದ ಹಗಲು ಬೆಳಕು ಒಳಗೆ ಬಿತ್ತು. ಭುಜದ ಮೇಲೆ ಏನೂ ಇರಲಿಲ್ಲ. ಸೆರಗಿನ ಮಡಿಕೆಯಲ್ಲೋ, ಬೆನ್ನ ಮೇಲೋ, ಸೀರೆಯ ಬಣ್ಣದಲ್ಲಿ ಬೆರೆತುಹೋಗಿತ್ತು. ಮ್ಯಾನೇಜರು ಓಡಿ ಬಂದರು. ಎದ್ದು ಸೀರೆ ಕೊಡವಿಬಿಡಿ ಎಂದರು. ಅಕ್ಕ ಒಪ್ಪಲಿಲ್ಲ.

"ಎಲ್ಲದೆ ಅಂತ ಗೊತ್ತಿಲ್ದೆ ಅಲ್ಲಾಡುದ್ರೆ ಕುಟುಕ್ಬುಡ್ತದೆ ಸಾ. ಕರೆಂಟ್ ಬರ್ಲಿ. ನಾ ಇಂಗೇ ಕೂತಿರ್ತೀನಿ."

ಕೂತರು. ಕಿವಿಯ ಹಿಂದಿನಿಂದ ಬೆವರು ಇಳಿದು ಕುತ್ತಿಗೆಗೆ ಬಂದರೂ ಒರೆಸಿಕೊಳ್ಳಲಿಲ್ಲ. ಮ್ಯಾನೇಜರು ಬಿಸ್ಕತ್ತಿನ ಡಬ್ಬಿಯೊಂದನ್ನು ಖಾಲಿ ಮಾಡಿ ಹಿಡಿದು ನಿಂತರು. ನಾನು ಕೊಡವದೆ ಬಿಟ್ಟ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ಹೇಳಿಬಿಡಬೇಕು ಅನಿಸಿತು. ಹೇಳುವ ಬದಲು ಇಕ್ಕಳ ಕೈಗೆತ್ತಿಕೊಂಡೆ.

ಕೊನೆಗೆ ದೀಪ ಎರಡು ಸಲ ಮಿಣುಕಿ ಹತ್ತಿಕೊಂಡಿತು. ಬಾಗಿಲು ಮುಚ್ಚಿದೆ. ಭುಜ, ಬೆನ್ನು, ಸೊಂಟ ಎಲ್ಲ ಕತ್ತಲು. ಮಡಿಲ ನೆರಿಗೆಯಲ್ಲಿ ಹಸಿರು ಗೆರೆಯೊಂದು ಕಂಡಿತು. ಗೂಡು ಹಿಡಿದಿದ್ದ ಅವರ ಕೈಗೂ ಅದಕ್ಕೂ ನಾಲ್ಕು ಬೆರಳಿನ ಅಂತರ.

ಮ್ಯಾನೇಜರು ಡಬ್ಬಿಯನ್ನು ಮಡಿಲ ಹತ್ತಿರ ಹಿಡಿದರು. ನಾನೇ ಇಕ್ಕಳ ಹಾಕಿದೆ. ಮೊದಲ ಸಲ ಜಾರಿತು. ಚೇಳು ಇಕ್ಕಳಕ್ಕೇ ಕುಟುಕಿದ್ದು ನನ್ನ ಬೆರಳಿಗೆ ತಿಳಿಯಿತು. ಎರಡನೇ ಸಲ ಬಾಲ ಸಿಕ್ಕಿತು. ಡಬ್ಬಿಗೆ ಹಾಕಿ ಬಲ್ಬು ಹಾಕಿ ನೋಡಿದರೆ ಸಣ್ಣದು, ಇಟ್ಟಿಗೆ ಬಣ್ಣದ್ದು. ಕೆಂಚೇಳೇ.

ಅಕ್ಕ ಎದ್ದು ಸೆರಗು ಕೊಡವಿಕೊಂಡರು. ಡಬ್ಬಿಯನ್ನೇ ನೋಡುತ್ತ ಕೇಳಿದರು: "ಗೂಡು ಅಳದಿ, ಈ ಕೂಸಿನ ಬಟ್ಟೆ ನೀಲಿ, ಇದ್ಯಾಕ್ ಸಾ ಅಸ್ರು?"

ಒಂದೇ ಕೋಲಲ್ಲಿ ಹೊಡೆದರೂ ಕಂಚಿನ ತಟ್ಟೆಯ ಸದ್ದು ಬೇರೆ, ಮಡಕೆಯ ಸದ್ದು ಬೇರೆ ಅಲ್ಲವೇ ಎಂದರು ಮ್ಯಾನೇಜರು. ಕಣ್ಣಿಗೆ ಕಾಣದ ಬೆಳಕು ಎಲ್ಲದರ ಮೇಲೂ ಒಂದೇ ಥರ ಬೀಳುತ್ತದೆ. ವಸ್ತು ಅದನ್ನು ಹೀರಿ, ಒಂದಷ್ಟು ತಾನೇ ಇಟ್ಟುಕೊಂಡು, ಮಿಕ್ಕದ್ದನ್ನು ಕಾಣುವ ಬೆಳಕಾಗಿ ವಾಪಸು ಬಿಡುತ್ತದೆ. ಯಾವ ಬಣ್ಣ ಅನ್ನುವುದು ಒಳಗಿರುವ ಅಂಶದ ಮೇಲೆ. ಗೂಡಿಗೆ ಅದು ಹಿಪ್ಪುನೇರಳೆ ಸೊಪ್ಪಿನಿಂದ ಬರುತ್ತದೆ, ಬಟ್ಟೆಗೆ ಸೋಪಿನಿಂದ, ಚೇಳಿಗೆ ಅದರ ಚಿಪ್ಪಿನಲ್ಲೇ ಇದೆ. ಹಾಗಾದರೆ ಮಿಣುಕು ಹುಳಕ್ಕೆ ಯಾರು ಲೈಟು ಬಿಡುತ್ತಾರೆ ಎಂದು ಅಕ್ಕ ಕೇಳಿದರು. ಅದು ಬೇರೆ, ಬೆಳಕನ್ನು ಹೊಟ್ಟೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ ಎಂದರು.

ಎರಡು ದಿನ ಅಕ್ಕ ಕೆಲಸಕ್ಕೆ ಬರಲಿಲ್ಲ. ಮೂರನೇ ದಿನ ಬಂದಾಗ ನನ್ನ ತಪ್ಪನ್ನು ಹೇಳಿದೆ. ಅಕ್ಕ ಕೈಯಲ್ಲಿದ್ದ ಗೂಡನ್ನು ತಟ್ಟೆಗೆ ಹಾಕಿದರು.

"ಅವತ್ತೇ ನಿಜ ಏಳಿದ್ರೆ ನಿನ್ನ ಇಕ್ಳ ಆಕಕ್ ಬುಡ್ತಿರ್ನಿಲ್ಲ ಕಣ್ ಕೂಸೇ."

ಬೈದದ್ದೋ ಮನ್ನಿಸಿದ್ದೋ ನನಗೆ ತಿಳಿಯಲಿಲ್ಲ. ಮ್ಯಾನೇಜರಿಗೆ ಅವರು ಹೇಳಲಿಲ್ಲ. ನಾನೇ ಹೋಗಿ ಹೇಳಿ ಬೈಸಿಕೊಂಡೆ. ಆಮೇಲೆ ಬಹಳ ದಿನ ನಮ್ಮಿಬ್ಬರ ನಡುವೆ ಕೆಲಸದ ಮಾತಷ್ಟೇ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ, ಅವರು ತಮ್ಮ ಬುತ್ತಿಯ ಮುದ್ದೆ ಮುರಿದು ಅರ್ಧವನ್ನು ನನ್ನ ತಟ್ಟೆಗೆ ಹಾಕಿದರು. ಅವರೆಕಾಳಿನ ಸಾರಿತ್ತು. ತಿಂದೆ.